ಡ್ರೈವರ್ ಹಿಡಿದ ಐದು ಗಂಟೆ

ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಕ್ಷೌರಿಕನ ಕಿವಿ ಎಂಥದ್ದೆಂದರೆ, ಮೂರು ಬೀದಿಯಾಚೆ ಇರುವೆ ಸೀನಿದರೂ ಕೇಳಿಸುತ್ತದೆ. ಪಕ್ಕದಲ್ಲಿ ಬಸ್ ಡ್ರೈವರನೂ ಅವನ ಅಕ್ಕನೂ ಪಿಸುಗುಟ್ಟಿದ್ದು ಅವನಿಗೆ ಡಂಗುರವೇ ಆಯಿತು.

“ಎರಡು ದಿನ ಚಳಿಜ್ವರ, ಮೂತ್ರದಲ್ಲಿ ರಕ್ತ. ನರ್ಸಿಗೆ ಹೇಳ್ತೀಯೋ ಇಲ್ವೋ?”

“ಮೆಲ್ಲಗೆ ಅಕ್ಕಾ. ಹೇಳಿದ್ರೆ ಇವತ್ತಿನ ಡೋಸ್ ನಿಲ್ಲಿಸ್ತಾರೆ. ಕ್ಯಾನ್ಸರ್ ಮತ್ತೆ ಬಂದ್ರೆ?”

“ಕ್ಯಾನ್ಸರ್ ತಡೆಯೋಕೆ ಮೂತ್ರಕೋಶಕ್ಕೆ ಬಿಡೋದು ಜೀವ ಇರೋ ಕ್ರಿಮಿಯ ಕ್ಷಯದ ಲಸಿಕೆ ಕಣೋ, ಶರಬತ್ತಲ್ಲ. ಹೋದ ಸಲ ಅದನ್ನ ಬಿಟ್ಮೇಲೆ ಮೂತ್ರ ಮಾಡದೆ ಎಷ್ಟೊತ್ತು ಹಿಡ್ಕೊಂಡಿದ್ದೆ, ನಿಜ ಹೇಳು.”

“ಐದು ಗಂಟೆ.”

“ಎರಡೇ ಗಂಟೆ ಅಂದಿದ್ರಲ್ಲೋ!”

“ಮೂವತ್ತು ವರ್ಷ ಸ್ಟೀರಿಂಗ್ ಮುಂದೆ ಹಿಡ್ಕೊಂಡೇ ಕೂತವನು ನಾನು. ಜಾಸ್ತಿ ಹಿಡಿದ್ರೆ ಜಾಸ್ತಿ ಗುಣ ಅಂದ್ಕೊಂಡೆ.”

“ಅದೇನು ಬಸ್ಸೇನೋ, ಮುಂದಿನ ಸ್ಟಾಪಿನ ತನಕ ಓಡಿಸೋಕೆ?”

ಡ್ರೈವರನ ಮೊಣಕಾಲು ಕುಣಿದ ಕುಣಿತಕ್ಕೆ ಕಟ್ಟಡದ ಅಡಿಪಾಯವೇ ಅಲುಗಾಡಿತು. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು.

“ಹೋದ ಸಲ ಆದ್ಮೇಲೆ ಏನಾದ್ರೂ ತೊಂದ್ರೆ ಆಯ್ತಾ?”

“ಏನಿಲ್ಲ ಸಿಸ್ಟರ್,” ಎಂದು ಎದ್ದವನು ಎರಡು ಹೆಜ್ಜೆಗೇ ನಿಂತ. ಅಕ್ಕ ಏಳಲೇ ಇಲ್ಲ. ಕೈಚೀಲ ತಬ್ಬಿಕೊಂಡು ನೆಲ ನೋಡುತ್ತಿದ್ದಳು.

“ಜ್ವರ ಬಂದಿತ್ತು. ರಕ್ತಾನೂ ಹೋಯ್ತು,” ಎಂದ.

“ಹಾಗಾದ್ರೆ ಇವತ್ತು ಔಷಧಿ ಬೇಡ. ಮೊದಲು ಡಾಕ್ಟರ್ ನೋಡ್ಲಿ, ಬನ್ನಿ.”

ಅಕ್ಕ ಎದ್ದು ತಮ್ಮನ ತೋಳು ಹಿಡಿದಳು. ಇಬ್ಬರೂ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿತು. ಇರುವೆಯ ಸೀನು ಕೇಳುವ ಕಿವಿಗೂ ಡಾಕ್ಟರ್ ಏನೆಂದರೆಂದು ಕೇಳಿಸಲಿಲ್ಲ.