ಅಜ್ಜಿಯ ಎರಡನೇ ಹಲ್ಲಿನ ಸೆಟ್ಟು

ಚಿಕ್ಕಜಾಲದಿಂದ ಹೆಬ್ಬಾಳದ ಕಡೆಗೆ ಹೊರಟ ಬಸ್ಸಿನಲ್ಲಿ, ಮುಂದಿನ ಸೀಟಿನ ಅಜ್ಜಿ ಮೊಮ್ಮಗಳ ಮಾತು ಮುನಿರಾಮಯ್ಯನ ಕಿವಿಗೆ ಬೀಳುತ್ತಲೇ ಇತ್ತು.

“ಹಲ್ಲಿನ ಡಾಕ್ಟ್ರೇ ಆಗಿದ್ದೀಯ, ಮತ್ಯಾಕವ್ವಾ ಪರೀಕ್ಷೆ?”

“ಹೊರದೇಶದಲ್ಲಿ ನಮ್ಮ ಡಿಗ್ರಿ ಒಂದೇ ಸಾಲಲ್ಲ ಅಜ್ಜಿ. ಅವರ ಲೈಸೆನ್ಸ್ ಸಿಕ್ಕಿದ್ರೆ ಸಂಬಳಾನೂ ಇಲ್ಲಿಗಿಂತ ಎಷ್ಟೋ ಜಾಸ್ತಿ.”

“ಮತ್ತೆ ಬರಿ.”

“ಒಂದ್ಸಲ ಫೇಲಾದೆನಲ್ಲ, ಧೈರ್ಯ ಸಾಲ್ತಿಲ್ಲ.”

“ನೀನು ನಂಗೆ ಮೊದ್ಲು ಮಾಡ್ಕೊಟ್ಟ ಹಲ್ಲಿನ ಸೆಟ್ಟು ಏನಾಯ್ತು, ವೇದಾ?”

“ಮದುವೆ ಮನೇಲಿ ನೀನು ಸೋಬಾನೆ ಹಾಡ್ತಿದ್ದಾಗ ಆರತಿ ತಟ್ಟೆಗೆ ಬಿತ್ತು.” ವೇದಾ ನಕ್ಕಳು.

“ಎರಡ್ನೇದು?”

ಉತ್ತರಕ್ಕೆ ಕಾಯದೆ ಅಜ್ಜಿ ಚೀಲದಿಂದ ಕೋಡುಬಳೆ ತೆಗೆದು ಕಟುಮ್ಮನೆ ಕಡಿದರು.

ಹೆಬ್ಬಾಳ ಬಂತು. “ಇವತ್ತೇ ಅರ್ಜಿ ಹಾಕ್ತೀನಿ” ಎನ್ನುತ್ತಾ ವೇದಾ ಅಜ್ಜಿಯ ಕೈ ಹಿಡಿದು ಇಳಿಸಿದಳು.

ಬಸ್ಸು ಹೊರಟಾಗ ಮುನಿರಾಮಯ್ಯ ಅಲ್ಲಾಡುತ್ತಿದ್ದ ತನ್ನ ದವಡೆಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡ. ಆ ಹುಡುಗಿ ದೇಶ ಬಿಡುವುದರೊಳಗೆ ಅವಳ ಕ್ಲಿನಿಕ್ ಹುಡುಕಬೇಕಿತ್ತು.