ರುಮಾಲಿನ ಹಾಜರಿ

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಅಫಜಲಪುರದ ಕಚೇರಿಯೊಂದರ ಗುಮಾಸ್ತ ಕಲ್ಲಿನಾಥ ಈ ಸೋಮವಾರ ಪ್ಯಾಂಟನ್ನು ತ್ಯಜಿಸಿದರು. ಧೋತರ ಉಟ್ಟು, ರುಮಾಲು ಸುತ್ತಿಕೊಂಡು, ಮುಖ ನೋಡಿ ಹಾಜರಿ ಹಾಕುವ ಯಂತ್ರದ ಮುಂದೆ ಬಂದು ನಿಂತರು. ಹಿಂದೆ ಸಹೋದ್ಯೋಗಿ ಪ್ರಮಿಲಾ. ಪಕ್ಕದ ಸಾಲಿನಲ್ಲಿ ಯಾವುದೋ ದಾಖಲೆಗೆಂದು ಬಂದ ಮೃಣಾಲಿನಿ, ಬಸ್ಸು ತಪ್ಪೀತೆಂದು ಚಡಪಡಿಸುತ್ತಲೇ ಕಿವಿಗೊಟ್ಟಳು.

“ಇನ್ಮ್ಯಾಲ ಸೋಮವಾರಕ್ಕೊಮ್ಮೆ ಎಲ್ಲಾರೂ ಹಿಂಗೇ ಬರೂದ್ರಿ ಪ್ರಮಿಲಾಬಾಯಿ. ನಮ್ಮ ಉಡುಪೇ ನಮ್ಮ ಗುರುತು!”

“ಮಶೀನಿಗಿ ನಿಮ್ಮ ಗುರುತು ಸಿಗವಲ್ದಂತ್ರಿ. ತಲಿ ಮ್ಯಾಲಿಂದು ತೆಗೀಬೇಕಂತ.”

“ರುಮಾಲಾ? ಅಪ್ಪ ಒಂದ್ ತಾಸು ಕುಂತು ಸುತ್ಯಾನ್ರಿ!”

“ಹತ್ತಾಗಾಕ ಎರಡೇ ನಿಮಿಷ ಅದ. ಆಮ್ಯಾಲ ಗೈರಹಾಜರಿ ನೋಡ್ರಿ.”

“ಟೊಪಗಿಯಂಗ ಮೆಲ್ಲಕ ಎತ್ತಲೇನು?”

“ಎತ್ರಿ, ಜಲ್ದಿ!”

ಎತ್ತಿದರು. ರುಮಾಲು ಸುರುಳಿ ಸುರುಳಿಯಾಗಿ ಬಿಚ್ಚಿ ಹೆಗಲಿನಿಂದ ನೆಲಕ್ಕಿಳಿಯಿತು. ಯಂತ್ರ ಕೂಡಲೇ ‘ಧನ್ಯವಾದ’ ಎಂದಿತು.

“ಬಿತ್ತು ಹಾಜರಿ! ಈಗ ಮತ್ತ ಸುತ್ಕೋರಿ.”

“ಅದು ಅಪ್ಪಗಷ್ಟ ಬರ್ತದ್ರಿ.”

“ಯವ್ವಾ! ಸಂಸ್ಕೃತಿ ಕಟ್ಟಾಕ ಹೊಂಟೀರಿ, ರುಮಾಲು ಕಟ್ಟಾಕ ಬರಂಗಿಲ್ಲೇನ್ರಿ?”

“ಜರಾ ಆ ತುದಿ ಹಿಡೀರಿ. ಮಂದಿ ನೋಡಾಕತ್ತಾರ.”

ಕಲ್ಲಿನಾಥ, ಪ್ರಮಿಲಾ ಇಬ್ಬರೂ ಆಚೀಚೆ ನಿಂತು, ರುಮಾಲನ್ನು ಒಗೆದ ಸೀರೆಯಂತೆ ಮಡಚುತ್ತ ಒಳಗೆ ಹೋದರು.