ಕಿಟಕಿ ಮೂಲೆಯ ಜೇಡ

ಗ್ರಂಥಾಲಯದ ಹುಡುಗಿ ಸದ್ದಿಲ್ಲದೆ ಗಾಜಿನ ಕಪಾಟು ಒರೆಸುತ್ತಿದ್ದಳು. ಒಳಗಿದ್ದವು ಪ್ರಾದೇಶಿಕ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದ ವಿಜ್ಞಾನ ಪುಸ್ತಕಗಳು. ಪಕ್ಕದಲ್ಲಿ ಓದುಗರ ಮತಪೆಟ್ಟಿಗೆ. ವಯಸ್ಸಾದ ಗಂಡಹೆಂಡತಿ ಅದರ ಮುಂದೆ ನಿಂತರು.

“ಜೇಡದ ಪುಸ್ತಕಕ್ಕೇ ಹಾಕ್ರೀ.”

“ಜೇಡ ಕಂಡ್ರೆ ಮಂಚ ಹತ್ತುತ್ತಿದ್ದೋಳು ನೀನೇ ಅಲ್ವೇನೇ?”

“ಅದು ಓದೋಕೆ ಮುಂಚೆ. ಮರಿ ಹೊರಗೆ ಬರೋವರೆಗೂ ತಾಯಿ ಜೇಡ ಮೊಟ್ಟೆಗಂಟನ್ನ ಬಾಯಲ್ಲೇ ಹಿಡ್ಕೊಂಡಿರುತ್ತಂತೆ. ಆ ಲೇಖಕಿ ಎಷ್ಟು ಚೆನ್ನಾಗಿ ಬರೆದಿದಾಳೆ! ನಮ್ಮ ಕಿಟಕಿ ಮೂಲೇಲಿರೋದೂ ಅದೇ ಜಾತಿ.”

“ನಾನೂ ಓದಿದೆ ಕಣೇ. ಆ ಪುಟದಲ್ಲಿ ನನ್ನ ಕಾಫಿ ಆರಿಹೋಯ್ತು.”

“ಮತ್ತೆ?”

“ಮತ ಅದಕ್ಕೇ. ಆದ್ರೆ ನಾಳೆ ಬಣ್ಣ ಬಳಿಯೋರು ಬರ್ತಾರೆ, ಬಲೆಯೆಲ್ಲ ತೆಗೀಲೇಬೇಕು.”

ಚೀಟಿ ಪೆಟ್ಟಿಗೆಗೆ ಬಿತ್ತು. ಯಜಮಾನರು ಮುಂದಾಗಿ ಮೆಟ್ಟಿಲಿಳಿದರು. ಹುಡುಗಿಯ ಕೈ ಗಾಜಿನ ಮೇಲೇ ನಿಂತಿತ್ತು.

“ಆ ಒಂದು ಮೂಲೆ ಬಿಟ್ಟುಬಿಡೋಕೆ ಹೇಳ್ರೀ,” ಎಂದರು ಹೆಂಡತಿ, ಹಿಂದಿನಿಂದ.